ಹೆಸರು ಮುಚ್ಚಿಟ್ಟರೂ ಗುರುತು ಸಿಗುವ ಫೋಟೋ: ಕಸುಬು ಕಲಿಯುವುದರಿಂದ ಸ್ವಂತ ಶೈಲಿಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಕೆಲವರ ಫೋಟೋಗಳನ್ನು ಹೆಸರು ಮುಚ್ಚಿಟ್ಟು ತೋರಿಸಿದರೂ ಇದು ಇಂಥವರದ್ದೇ ಅಂತ ಹೇಳಿಬಿಡಬಹುದು. ಛಾಯಾಗ್ರಾಹಕರಾದ ರಘು ರೈ ಮತ್ತು ರಘುಬೀರ್ ಸಿಂಗ್ ಇಬ್ಬರನ್ನೇ ನೋಡಿ. ಇಬ್ಬರೂ 1942ರಲ್ಲಿ ಹುಟ್ಟಿದವರು. ಇಬ್ಬರೂ ಇದೇ ದೇಶದ ಬೀದಿ, ಜಾತ್ರೆ, ನದಿತೀರಗಳಲ್ಲಿ ಅಲೆದವರು. ರಘು ರೈ ಅಂದ ತಕ್ಷಣ ಹೆಚ್ಚಿನವರ ಕಣ್ಣಿಗೆ ಬರುವುದು ಕಪ್ಪು-ಬಿಳುಪಿನ ಚಿತ್ರ. ಒಂದೇ ಫ್ರೇಮಿನಲ್ಲಿ ನಾಲ್ಕಾರು ಕಥೆ ನಡೆಯುತ್ತಿರುತ್ತದೆ. ರಘುಬೀರ್ ಸಿಂಗ್ ಮಾತ್ರ ಬಣ್ಣ ಬಿಟ್ಟು ಅಲ್ಲಾಡಲಿಲ್ಲ. ಅವರು ಕೆಲಸ ಶುರು ಮಾಡಿದ ಕಾಲದಲ್ಲಿ ಗಂಭೀರ ಛಾಯಾಗ್ರಹಣ ಅಂದರೆ ಕಪ್ಪು-ಬಿಳುಪೇ ಅನ್ನುವ ನಂಬಿಕೆ ಜಗತ್ತಿನಲ್ಲೆಲ್ಲ ಗಟ್ಟಿಯಾಗಿತ್ತು. ಆದರೂ ಭಾರತವನ್ನು ಬಣ್ಣವಿಲ್ಲದೆ ನೋಡಲು ಸಾಧ್ಯವೇ ಇಲ್ಲ ಅನ್ನುವುದು ಅವರ ಪಟ್ಟು.

ಶೈಲಿಯ ಗುಟ್ಟು ಇರುವುದು ಇಲ್ಲೇ ಅನ್ನಿಸುತ್ತದೆ ನನಗೆ. ಏನನ್ನು ತೆಗೆಯುತ್ತೇನೆ, ಏನನ್ನು ಬಿಡುತ್ತೇನೆ ಅಂತ ಒಂದು ತೀರ್ಮಾನ ಮಾಡಿಕೊಂಡು ಅದನ್ನು ವರ್ಷಗಟ್ಟಲೆ ಪಾಲಿಸಿದರೆ ಜನ ಅದನ್ನು ಶೈಲಿ ಅನ್ನುತ್ತಾರೆ. ಅದು ದುಡ್ಡು ಕೊಟ್ಟರೆ ಸಿಗುವುದಿಲ್ಲ. ಹೊಸ ಕ್ಯಾಮೆರಾದ ಜೊತೆಗೂ ಬರುವುದಿಲ್ಲ. ಆದರೆ ಅದಕ್ಕೊಂದು ದಾರಿ ಖಂಡಿತ ಇದೆ, ಆ ದಾರಿಯನ್ನು ಹಂತ ಹಂತವಾಗಿ ಹೇಳುತ್ತೇನೆ.

ಮೊದಲ ಹಂತ: ಬೆರಳಿಗೆ ಕ್ಯಾಮೆರಾ ಅಭ್ಯಾಸವಾಗಲಿ

ಕಣ್ಣೆದುರು ಏನೋ ನಡೆಯುತ್ತಿರುವಾಗ ಮೆನು ಹುಡುಕುತ್ತಾ ಕೂತರೆ ಆ ಕ್ಷಣ ಹೋಯಿತು. ಹಾಗಾಗಿ ಶೈಲಿಯ ಮಾತಿಗೆ ಮುಂಚೆ ಕೈ ಪಳಗಬೇಕು. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯ ಅಳತೆ), ಶಟರ್ (ಬೆಳಕು ಒಳಗೆ ಬೀಳುವ ಹೊತ್ತು), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಮೂರನ್ನೂ ಕಣ್ಣು ವ್ಯೂಫೈಂಡರ್‌ನಲ್ಲಿ ಇಟ್ಟುಕೊಂಡೇ ಬದಲಿಸಲು ಬರಬೇಕು. ರಾತ್ರಿ ದೀಪ ಆರಿಸಿ, ಕತ್ತಲಲ್ಲಿ ಕ್ಯಾಮೆರಾ ಹಿಡಿದು ಅಭ್ಯಾಸ ಮಾಡಿ. ಕೆಲವೇ ವಾರಗಳಲ್ಲಿ ಬೆರಳು ತಾನಾಗಿ ಓಡುತ್ತದೆ.

ಕೆಲವು ಅಂಕಿಗಳು ಬಾಯಿಪಾಠವಾಗಿರಲಿ. ನಡೆದು ಹೋಗುವವರು ಅಲುಗದೆ ಬರಬೇಕಾದರೆ ಶಟರ್ 1/250, ಅಂದರೆ ಒಂದು ಸೆಕೆಂಡಿನ 250ನೇ ಒಂದು ಭಾಗ. ಓಡುವ ಮಕ್ಕಳಿಗೆ 1/1000. ಹಾರುವ ಹಕ್ಕಿಗೆ 1/2000ಕ್ಕಿಂತ ಜಾಸ್ತಿ. ಮೋಡವಿಲ್ಲದ ಬಿಸಿಲಿಗೆ ಹಳಬರ ಸೂತ್ರ ಒಂದಿದೆ: ಅಪರ್ಚರ್ ಎಫ್/16 ಇಟ್ಟು, ಐಎಸ್‌ಒ ಎಷ್ಟಿದೆಯೋ ಶಟರ್ ಅದರ ಆಸುಪಾಸಿಗೆ ಇಡುವುದು. ಐಎಸ್‌ಒ 200 ಇದ್ದರೆ ಶಟರ್ 1/200. ಬೆಳಕು ಅಳೆಯುವ ಮೀಟರ್ ಇಲ್ಲದೆಯೂ ಬೆಳಕು ಅಂದಾಜು ಮಾಡುವ ಅಭ್ಯಾಸ ಇದರಿಂದ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯಬೇಕಾದದ್ದು ಮೀಟರ್ ಹೇಗೆ ಯೋಚಿಸುತ್ತದೆ ಅನ್ನುವುದು. ಎದುರಿಗೆ ಏನಿದ್ದರೂ ಅದು ನಡುಮಧ್ಯದ ಬೂದು ಬಣ್ಣದ್ದೇ ಅಂತ ಕ್ಯಾಮೆರಾದ ಮೀಟರ್ ಭಾವಿಸುತ್ತದೆ. ಕರಾವಳಿಯ ಕಂಬಳಕ್ಕೆ ಹೋದಿರಿ ಅನ್ನಿ. ಫ್ರೇಮ್ ತುಂಬ ಕಪ್ಪು ಕೋಣಗಳು. ಮೀಟರ್ ಅವನ್ನು ಬೂದು ಮಾಡಲು ಹೋಗಿ ಬೆಳಕು ಹೆಚ್ಚಿಸುತ್ತದೆ. ಕೋಣದ ಮಿರುಗುವ ಕಪ್ಪು ಮಂಕಾಗುತ್ತದೆ, ಹಿಂದೆ ಚಿಮ್ಮುವ ಕೆಸರು ನೀರು ಬೆಳ್ಳಗೆ ಸುಟ್ಟುಹೋಗುತ್ತದೆ. ಅಲ್ಲಿ ಎಕ್ಸ್‌ಪೋಷರ್ (ಫೋಟೋಗೆ ಬೀಳುವ ಒಟ್ಟು ಬೆಳಕು) ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಕಡಿಮೆ ಮಾಡಬೇಕು. ದೇವಸ್ಥಾನದ ಉತ್ಸವದಲ್ಲಿ ಸಾಲಾಗಿ ನಿಂತ ಬಿಳಿ ಪಂಚೆಯವರಿಗೆ ಇದರ ಉಲ್ಟಾ: ಒಂದು, ಒಂದೂವರೆ ಸ್ಟಾಪ್ ಹೆಚ್ಚಿಸಬೇಕು. ಇಲ್ಲದಿದ್ದರೆ ಪಂಚೆ ಕೊಳಕಾಗಿ ಕಾಣುತ್ತದೆ.

ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಹೊತ್ತಿಗೆ ಈ ಲೆಕ್ಕಾಚಾರವನ್ನೇ ಒಂದು ಪದ್ಧತಿಯನ್ನಾಗಿ ಮಾಡಿದರು. ಅದರ ಹೆಸರು ಝೋನ್ ಸಿಸ್ಟಮ್. ಕಡುಗಪ್ಪಿಗೆ ಸೊನ್ನೆ, ಅಚ್ಚ ಬಿಳಿಗೆ ಹತ್ತು, ನಡುವಿನ ಬೂದಿಗೆ ಐದು. ಕ್ಲಿಕ್ ಮಾಡುವ ಮೊದಲೇ ದೃಶ್ಯದ ಯಾವ ಭಾಗ ಎಷ್ಟನೇ ವಲಯದಲ್ಲಿ ಬೀಳಬೇಕು ಅಂತ ತೀರ್ಮಾನಿಸುವುದು. ಅವರದು ಫಿಲ್ಮ್ ಕಾಲ, ಆದರೆ ಅಭ್ಯಾಸ ಈಗಲೂ ಅಷ್ಟೇ ಉಪಯುಕ್ತ. ಒಂದು ತಿಂಗಳು ಹೀಗೆ ಮಾಡಿ ನೋಡಿ: ಯಾವ ದೃಶ್ಯ ಕಂಡರೂ ಮೊದಲು ಅತಿ ಕಪ್ಪು ಎಲ್ಲಿದೆ, ಅತಿ ಬಿಳಿ ಎಲ್ಲಿದೆ, ನನಗೆ ವಿವರ ಬೇಕಾಗಿರುವುದು ಎಲ್ಲಿ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳಿ. ಆಮೇಲೆ ತೆಗೆಯಿರಿ. ಆಮೇಲೆ ಹಿಸ್ಟೋಗ್ರಾಮ್ (ಫೋಟೋದಲ್ಲಿ ಕಪ್ಪು, ಬೂದು, ಬಿಳಿ ಎಷ್ಟೆಷ್ಟಿದೆ ಅಂತ ಕ್ಯಾಮೆರಾ ತೋರಿಸುವ ನಕ್ಷೆ) ನೋಡಿ. ನಿಮ್ಮ ಅಂದಾಜು ದಿನದಿಂದ ದಿನಕ್ಕೆ ಹತ್ತಿರ ಬರುತ್ತದೆ.

ರಾ ಫೈಲ್‌ನಲ್ಲೇ (ಸೆನ್ಸರ್ ಕಂಡದ್ದನ್ನೆಲ್ಲ ಉಳಿಸುವ, ಆಮೇಲೆ ತಿದ್ದಲು ಅನುಕೂಲವಾದ ಫೈಲ್) ತೆಗೆಯಿರಿ. ಇದರ ಬಗ್ಗೆ ಜಾಸ್ತಿ ಚರ್ಚೆ ಬೇಡ.

ಎರಡನೇ ಹಂತ: ಒಂದು ಊರಿನ ಬೆಳಕನ್ನು ಪೂರ್ತಿ ಕಲಿಯಿರಿ

ಬೆಳಕಿನ ಬಗ್ಗೆ ಯುಟ್ಯೂಬಿನಲ್ಲಿ ಸಿಗುವ ಪಾಠಗಳಲ್ಲಿ ಬಹಳಷ್ಟು ಯುರೋಪ್, ಅಮೆರಿಕದ ಆಕಾಶಕ್ಕೆ ಹೇಳಿದವು. ನಮ್ಮಲ್ಲಿ ಸೂರ್ಯ ಹೆಚ್ಚು ನೇರವಾಗಿ ಏರುತ್ತಾನೆ, ಅಷ್ಟೇ ನೇರವಾಗಿ ಇಳಿಯುತ್ತಾನೆ. ಆ ಹೊಂಬಣ್ಣದ ಬೆಳಕು ಅಲ್ಲಿ ನಿಧಾನವಾಗಿ ಕರಗಿದರೆ ಇಲ್ಲಿ ಬೇಗ ಮುಗಿಯುತ್ತದೆ. ಸೂರ್ಯ ಹುಟ್ಟಿದ ಮೇಲೆ ಜಾಗ ಹುಡುಕಲು ಹೊರಟರೆ ತಡವಾಯಿತು ಅಂತಲೇ ಅರ್ಥ. ಜಾಗ ಹಿಂದಿನ ದಿನವೇ ನೋಡಿಟ್ಟಿರಬೇಕು.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಇಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಆ ದಿನಗಳಲ್ಲಿ ಮಧ್ಯಾಹ್ನ ಹೊರಗೆ ಯಾರದಾದರೂ ಮುಖ ತೆಗೆದರೆ ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು, ಮೂಗಿನ ಕೆಳಗೆ ಇನ್ನೊಂದು. ಬಹಳ ಜನ ಕ್ಯಾಮೆರಾ ಒಳಗಿಟ್ಟುಬಿಡುತ್ತಾರೆ. ನನ್ನ ಸಲಹೆ ಬೇರೆ. ಆ ಹೊತ್ತಿನಲ್ಲಿ ಹೊಸ್ತಿಲು, ಜಗಲಿ, ಹೆಂಚಿನ ಮಾಡಿನ ಕೆಳಗೆ ಬನ್ನಿ. ಅಂಗಳದ ಬಿಸಿಲು ನೆಲಕ್ಕೆ ಬಡಿದು ಒಳಗಿನವರ ಮುಖಕ್ಕೆ ಕೆಳಗಿನಿಂದ ಮೆತ್ತಗೆ ಬರುತ್ತದೆ. ಸ್ಟುಡಿಯೋದಲ್ಲಿ ಸಾವಿರಾರು ರೂಪಾಯಿಯ ರಿಫ್ಲೆಕ್ಟರ್ ಕೊಡುವ ಬೆಳಕು ಇದೇ.

ಕಿಟಕಿಯ ಬೆಳಕನ್ನೂ ಹೀಗೇ ಕಲಿಯಿರಿ. ಮನೆಯಲ್ಲಿ ಯಾರನ್ನಾದರೂ ಕಿಟಕಿಯಿಂದ ಒಂದು ಹೆಜ್ಜೆ ದೂರ ಕೂರಿಸಿ ಒಂದು ಫೋಟೋ, ಮೂರು ಹೆಜ್ಜೆ ದೂರದಲ್ಲಿ ಇನ್ನೊಂದು, ಕೋಣೆಯ ಆ ತುದಿಯಲ್ಲಿ ಮತ್ತೊಂದು ತೆಗೆಯಿರಿ. ಹತ್ತಿರ ಕೂತಾಗ ಮುಖ ಬೆಳಗಿ ಹಿಂದಿನ ಗೋಡೆ ಕತ್ತಲಾಗುತ್ತದೆ. ದೂರ ಹೋದಂತೆ ಮುಖ, ಗೋಡೆ ಎರಡೂ ಸಮಸಮ. ಹಿನ್ನೆಲೆಯನ್ನು ಕತ್ತಲೆ ಮಾಡಬೇಕೋ ಬೇಡವೋ ಅನ್ನುವುದನ್ನು ಕುರ್ಚಿ ಸರಿಸಿಯೇ ತೀರ್ಮಾನಿಸಬಹುದು ಅಂತ ಗೊತ್ತಾದ ದಿನ ನಿಮಗೆ ದೊಡ್ಡದೊಂದು ಹಿಡಿತ ಸಿಕ್ಕಿತು ಅಂದುಕೊಳ್ಳಿ.

ಮಲೆನಾಡಿನ ಮಳೆಗಾಲದ ಬೆಳಕೇ ಬೇರೆ. ನೆರಳಿಲ್ಲ, ಕಾಂಟ್ರಾಸ್ಟ್ ಇಲ್ಲ, ಹಸಿರಿಗೆ ಮಾತ್ರ ಎಲ್ಲಿಲ್ಲದ ಆಳ. ಆದರೆ ಒದ್ದೆ ಎಲೆಗಳ ಮೇಲೆ ಆಕಾಶದ ಬಿಳಿ ಹೊಳಪು ಕೂತು ಆ ಹಸಿರನ್ನು ನುಂಗುತ್ತದೆ. ಪೋಲರೈಸರ್ ಫಿಲ್ಟರ್ ಹಾಕಿ ತಿರುಗಿಸಿ ನೋಡಿ, ಹೊಳಪು ಹೋಗಿ ಎಲೆಯ ನಿಜವಾದ ಬಣ್ಣ ಎದ್ದು ಬರುತ್ತದೆ. ಈ ಕೆಲಸವನ್ನು ಆಮೇಲೆ ಕಂಪ್ಯೂಟರಿನಲ್ಲಿ ಮಾಡಲು ಆಗುವುದಿಲ್ಲ.

ಯಕ್ಷಗಾನ ಬಯಲಾಟ, ನಾಟಕ, ಆರ್ಕೆಸ್ಟ್ರಾ ತೆಗೆಯುವವರಿಗೆ ಒಂದು ಮಾತು. ನಮ್ಮ ಕರೆಂಟು 50 ಹರ್ಟ್ಝ್‌ನದ್ದು. ಅಂದರೆ ಟ್ಯೂಬ್‌ಲೈಟ್, ಕಡಿಮೆ ದರ್ಜೆಯ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/500ರಲ್ಲಿ ತೆಗೆದರೆ ಫೋಟೋದಲ್ಲಿ ಅಡ್ಡಪಟ್ಟಿ ಬರುತ್ತದೆ, ಒಂದೊಂದು ಫ್ರೇಮಿಗೆ ಒಂದೊಂದು ಬಣ್ಣ ಬರುತ್ತದೆ. 1/100 ಅಥವಾ 1/50 ಇಟ್ಟರೆ ಆ ತೊಂದರೆ ಬಹುಪಾಲು ಹೋಗುತ್ತದೆ. ಅಷ್ಟು ನಿಧಾನದ ಶಟರ್‌ನಲ್ಲಿ ವೇಷಧಾರಿಯ ಕುಣಿತ ಅಲುಗುತ್ತದಲ್ಲ ಅನ್ನಬಹುದು. ಅಲುಗಲಿ. ತಿರುಗಿ ನಿಲ್ಲುವ ಒಂದು ಚಣ ಇರುತ್ತದೆ, ಚೆಂಡೆಯ ಪೆಟ್ಟು ಕೇಳುತ್ತಿದ್ದರೆ ಅದು ಯಾವಾಗ ಬರುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ಮುಖ ಸ್ಥಿರವಾಗಿ, ಸೆರಗು ಮಾತ್ರ ಹಾರುತ್ತಿರುವ ಫೋಟೋ ಸಿಗುವುದು ಆಗಲೇ. ತಾಳ ಗೊತ್ತಿದ್ದವರಿಗೆ ಇಲ್ಲಿ ಲಾಭ.

ಮೂರನೇ ಹಂತ: ಒಂದೇ ಲೆನ್ಸ್

ಇದು ಹಳೆಯ ಸಲಹೆ, ಆದರೂ ಇದಕ್ಕೆ ಬದಲಿ ನನಗೆ ಕಂಡಿಲ್ಲ. ಆರು ತಿಂಗಳು ಒಂದೇ ಪ್ರೈಮ್ ಲೆನ್ಸ್ (ಝೂಮ್ ಆಗದ ಲೆನ್ಸ್) ಹಾಕಿ. ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ಟಿಯೇ-ಬ್ರೆಸಾನ್ ತಮ್ಮ ಬಹುಪಾಲು ಕೆಲಸವನ್ನು 50 ಎಂಎಂ ಲೆನ್ಸಿನಲ್ಲೇ ಮಾಡಿದರು. ಹೆಚ್ಚಿನವರ ಬಳಿ ಇರುವ ಕ್ರಾಪ್ ಸೆನ್ಸರ್ (ಫಿಲ್ಮ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾದಲ್ಲಿ ಆ ನೋಟ ಬೇಕಾದರೆ 35 ಎಂಎಂ ಹಾಕಬೇಕು. ದುಬಾರಿ ಲೆನ್ಸ್ ಬೇಕಿಲ್ಲ. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸ್ ಮಾತ್ರ ಇದ್ದರೆ ಅದನ್ನು 35ಕ್ಕೆ ತಿರುಗಿಸಿ, ರಿಂಗಿಗೆ ಟೇಪ್ ಅಂಟಿಸಿಬಿಡಿ.

ಏನಾಗುತ್ತದೆ ಅಂದರೆ, ಝೂಮ್ ಇಲ್ಲದ್ದರಿಂದ ಕಾಲು ಕೆಲಸ ಮಾಡಲೇಬೇಕಾಗುತ್ತದೆ. ಕೆಲವು ವಾರಗಳಾದ ಮೇಲೆ ಕ್ಯಾಮೆರಾ ಎತ್ತುವ ಮೊದಲೇ ಫ್ರೇಮಿನ ನಾಲ್ಕು ಅಂಚು ಎಲ್ಲಿ ಬೀಳುತ್ತದೆ ಅಂತ ಕಣ್ಣಿಗೆ ಕಾಣತೊಡಗುತ್ತದೆ. ಜನರಿಂದ ಎಷ್ಟು ದೂರ ನಿಂತರೆ ನಿಮಗೆ ಸರಿ ಅನ್ನಿಸುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಕೆಲವರಿಗೆ ಮಾರುದೂರ, ಕೆಲವರಿಗೆ ಉಸಿರು ತಾಗುವಷ್ಟು ಹತ್ತಿರ. ಆ ದೂರವೇ ನಿಮ್ಮ ಶೈಲಿಯ ಮೊದಲ ಸುಳಿವು. ಆರು ತಿಂಗಳಾದ ಮೇಲೂ ಕೈಗೆ ಇಕ್ಕಟ್ಟು ಅನ್ನಿಸಿದರೆ ಲೆನ್ಸ್ ಬದಲಿಸಿ, ಆದರೆ ಮತ್ತೆ ಒಂದನ್ನೇ ಹಾಕಿ.

ನಾಲ್ಕನೇ ಹಂತ: ದೊಡ್ಡವರ ಕೆಲಸವನ್ನು ಓದುವುದು

ಇನ್‌ಸ್ಟಾಗ್ರಾಮಿನಲ್ಲಿ ಬೆರಳು ಜಾರಿಸುತ್ತಾ ನೋಡುವುದನ್ನು ನಾನು ಓದು ಅನ್ನುವುದಿಲ್ಲ. ಒಬ್ಬರನ್ನು ಹಿಡಿದುಕೊಳ್ಳಿ. ಅವರ ಪುಸ್ತಕವನ್ನು ಲೈಬ್ರರಿಯಿಂದ ತನ್ನಿ. ಒಂದು ಫೋಟೋ ಮುಂದೆ ಹತ್ತು ನಿಮಿಷ ಕೂತು ಬರೆದುಕೊಳ್ಳಿ: ಬೆಳಕು ಯಾವ ಕಡೆಯಿಂದ? ಕ್ಯಾಮೆರಾ ನೆಲದಿಂದ ಎಷ್ಟು ಎತ್ತರದಲ್ಲಿದೆ? ಅಂಚಿನಲ್ಲಿ ಏನು ಕತ್ತರಿಸಿದ್ದಾರೆ? ಇದಕ್ಕಿಂತ ಒಂದು ಸೆಕೆಂಡು ಮುಂಚೆ ಒತ್ತಿದ್ದರೆ ಏನು ಸಿಗುತ್ತಿತ್ತು?

ನಮ್ಮವರೇ ಆದ ಟಿ. ಎಸ್. ಸತ್ಯನ್ ಅವರಿಂದ ಶುರು ಮಾಡಿ ಅನ್ನುತ್ತೇನೆ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಪತ್ರಿಕೆಗಳಿಗೆ ಕೆಲಸ ಮಾಡಿದರು, ಯೂನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಗೂ ಮಾಡಿದರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಅವರ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬಡತನ ಇರುವ ಕಡೆಯೂ ಅವರು ಕನಿಕರ ಹುಟ್ಟಿಸಲು ಹೋಗುವುದಿಲ್ಲ. ಆಡುವ ಮಗು, ಕೆಲಸದಲ್ಲಿ ಮುಳುಗಿದ ಹೆಂಗಸು, ಹರಟೆಯಲ್ಲಿರುವ ಮುದುಕರು. ಎಲ್ಲರೂ ತಮ್ಮ ಪಾಡಿಗೆ, ತಮ್ಮ ಗೌರವದೊಂದಿಗೆ ಇರುತ್ತಾರೆ. ಆ ನೋಟವೇ ಅವರ ಸಹಿ.

ಇನ್ನೊಬ್ಬರು ಬ್ರೆಜಿಲ್‌ನ ಸೆಬಾಸ್ಟಿಯಾವ್ ಸಲ್ಗಾಡೊ. ಓದಿದ್ದು ಅರ್ಥಶಾಸ್ತ್ರ. ಕಾಫಿ ವ್ಯವಹಾರದ ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿದ್ದವರು ಅದನ್ನು ಬಿಟ್ಟು 1973ರಲ್ಲಿ ಪೂರ್ತಿ ಕ್ಯಾಮೆರಾ ಹಿಡಿದರು. 1986ರಲ್ಲಿ ಸೆರ್ರಾ ಪೆಲಾಡಾ ಚಿನ್ನದ ಗಣಿಯಲ್ಲಿ ಅವರು ತೆಗೆದ ಚಿತ್ರಗಳು ಜಗತ್ತಿಗೇ ಗೊತ್ತು: ಮೈಗೆಲ್ಲ ಕೆಸರು ಮೆತ್ತಿಕೊಂಡ ಸಾವಿರಾರು ಜನ ಮಣ್ಣಿನ ಮೂಟೆ ಹೊತ್ತು ಏಣಿ ಹತ್ತುತ್ತಿದ್ದಾರೆ. ಆ ಗಣಿಯಲ್ಲಿ ಅವರಿಗೆ ದುಡಿಮೆ, ಕೂಲಿ, ಸಂಪತ್ತು ಹೇಗೆ ಕೈಯಿಂದ ಕೈಗೆ ಹೋಗುತ್ತದೆ ಅನ್ನುವುದು ಕಂಡಿತು. ಓದಿದ ವಿದ್ಯೆ ಕಣ್ಣಿಗಿಳಿದಿತ್ತು.

ಇದು ನಮಗೂ ನೇರವಾಗಿ ತಟ್ಟುವ ಮಾತು. ನಿಮಗೆ ಫೋಟೋ ಬಿಟ್ಟು ಇನ್ನೇನು ಗೊತ್ತಿದೆ? ಚಿಕ್ಕಮಗಳೂರಿನ ತೋಟದಲ್ಲಿ ಬೆಳೆದವರಿಗೆ ಕಾಫಿ ಹಣ್ಣು ಬಿಡಿಸುವ ಕೈ, ಕಣದಲ್ಲಿ ಒಣಗಿಸುವ ಹೊತ್ತು, ಹೂಮಳೆಗೆ ಕಾಯುವ ಆತಂಕ ಎಲ್ಲ ಗೊತ್ತು. ನರ್ಸ್ ಆಗಿದ್ದವರಿಗೆ ಆಸ್ಪತ್ರೆಯ ಕಾಯುವ ಮುಖಗಳು ಗೊತ್ತು. ಹೊರಗಿನವರು ಬರೀ ಚೆಂದ ನೋಡುವಲ್ಲಿ ನೀವು ವಿಷಯ ನೋಡುತ್ತೀರಿ. ಅದನ್ನು ಬಿಟ್ಟು ಲಡಾಖ್‌ಗೆ ಓಡುವುದು ಯಾಕೆ?

ಓದಿದ ಮೇಲೆ ನಕಲು ಮಾಡಿ. ಒಬ್ಬರ ಬೆಳಕು, ಕೋನ, ದೂರ ಮೂರನ್ನೂ ಅನುಸರಿಸಿ ನಿಮ್ಮ ಊರಲ್ಲಿ ಫೋಟೋ ತೆಗೆಯಿರಿ. ಸಂಗೀತ ಕಲಿಯುವವರು ಗುರುಗಳು ಹಾಡಿದಂತೆಯೇ ಹಾಡಿ ಕಲಿಯುತ್ತಾರೆ, ಇಲ್ಲೂ ಹಾಗೇ. ಆದರೆ ಆ ಅಭ್ಯಾಸದ ಫೋಟೋಗಳನ್ನು ಪೋಸ್ಟ್ ಮಾಡಬೇಡಿ. ನಾಲ್ಕೈದು ಜನರನ್ನು ಹೀಗೆ ನಕಲು ಮಾಡಿದ ಮೇಲೆ ಯಾರಿಂದಲೂ ಬಾರದ ಏನೋ ಒಂದು ಎಲ್ಲದರಲ್ಲೂ ನುಸುಳಿರುತ್ತದೆ. ಅದನ್ನು ಗುರುತು ಮಾಡಿಕೊಳ್ಳಿ.

ಐದನೇ ಹಂತ: ಒಂದು ಜಾಗಕ್ಕೆ ಮತ್ತೆ ಮತ್ತೆ ಹೋಗಿ

ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತಲ ಹಕ್ಕಿಗಳ ಹಿಂದೆ ಬಿದ್ದರು. ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ-ಸೇನಾನಿ ಕಾಡುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದರು. ಒಂದೇ ಕಡೆ ನಿಂತು ನೋಡಿದವರ ಕೆಲಸಕ್ಕೆ ಒಂದು ತೂಕ ಬರುತ್ತದೆ. ನೀವೂ ಒಂದು ಜಾಗ ಆರಿಸಿಕೊಳ್ಳಿ. ಮನೆಗೆ ಹತ್ತಿರ ಇರಲಿ, ವಾರಕ್ಕೊಮ್ಮೆ ಹೋಗಲು ಆಗುವಂತಿರಲಿ. ಕನಿಷ್ಠ ಒಂದು ವರ್ಷ.

ಬೆಂಗಳೂರಿನ ಕೆ. ಆರ್. ಮಾರ್ಕೆಟ್‌ನ ಹೂವಿನ ಅಂಗಡಿಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿಗೆ ಹೋಗುವ ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ. ಮೇಲಿನ ಮಹಡಿಗೆ ಹತ್ತಿ, ಕೆಳಗಿನ ಚೆಂಡುಹೂವು, ಸೇವಂತಿಗೆ ರಾಶಿಗಳನ್ನು ಮೇಲಿನಿಂದ ತೆಗೆಯುವುದು. ಕೇಸರಿ, ಹಳದಿ, ಬಿಳಿ, ನಡುವೆ ಬಗ್ಗಿ ಕೂತ ಜನ. ಚೆನ್ನಾಗಿಯೇ ಇರುತ್ತದೆ. ಆದರೆ ಅದು ಯಾರು ಬೇಕಾದರೂ ತೆಗೆದಿರಬಹುದಾದ ಫೋಟೋ. ಮೊದಲ ಸಲ ನೀವೂ ತೆಗೆಯಿರಿ, ಆಸೆ ತೀರಲಿ.

ಎರಡು, ಮೂರನೇ ಸಲ ಕೆಳಗೆ ಇಳಿಯಿರಿ. ಈಗ ಮುಖಗಳು ಕಾಣುತ್ತವೆ, ಆದರೆ ಮುಖಗಳು ನಿಮ್ಮನ್ನೇ ನೋಡುತ್ತಿರುತ್ತವೆ. ಐದಾರು ಸಲ ಹೋದ ಮೇಲೆ ಅವರಿಗೆ ನೀವು ಹಳಬರು. ಆಗ ಚಿಕ್ಕ ಸಂಗತಿಗಳು ಕಾಣತೊಡಗುತ್ತವೆ. ಮಲ್ಲಿಗೆ ಮಾರುವವರು ಮೊಳ ಹಾಕುವುದನ್ನು ನೋಡಿ. ಮೊಣಕೈಯಿಂದ ಬೆರಳತುದಿಗೆ ದಾರ ಎಳೆಯುತ್ತಾರೆ, ಹೂವು ಮುಂಗೈ ಮೇಲೆ ಹಾದು ಹೋಗುತ್ತದೆ, ಕೊನೆಯಲ್ಲಿ ಬೆರಳು ಸ್ವಲ್ಪ ಮಡಚಿಕೊಳ್ಳುತ್ತದೆ. ಕೆಲವರು ಮಡಚುವುದಿಲ್ಲ, ಇನ್ನೂ ಒಂದು ಬೆರಳು ಜಾಸ್ತಿಯೇ ಕೊಡುತ್ತಾರೆ. ಪ್ರತಿಯೊಬ್ಬರ ಮೊಳವೂ ಬೇರೆ. ಬಳೆ ಇರುವ ಕೈ, ಗಡಿಯಾರ ಕಟ್ಟಿದ ಕೈ, ಹಚ್ಚೆ ಹಾಕಿಸಿಕೊಂಡ ಕೈ. ಬರೀ ಮೊಳ ಹಾಕುವ ಕೈಗಳ ಮೇಲೆ ಒಂದು ವರ್ಷ ಕೆಲಸ ಮಾಡಿದರೆ ಅದು ನಿಮ್ಮದೇ ಆದ ಸರಣಿಯಾಗುತ್ತದೆ. ಮೇಲಿನ ಮಹಡಿಯಿಂದ ಈ ವಿಷಯ ಕಾಣುವುದೇ ಇಲ್ಲ.

ಸ್ಥಳದಲ್ಲಿ ಹೇಗೆ ಕೆಲಸ ಮಾಡಬೇಕು ಅನ್ನುವುದಕ್ಕೂ ಒಂದು ಕ್ರಮ ಇದೆ. ಮೊದಲು ಹಿನ್ನೆಲೆ ಆರಿಸಿ: ಗಲೀಜು ಇಲ್ಲದ, ಬೆಳಕು ಸರಿಯಾಗಿರುವ ಜಾಗ. ಆಮೇಲೆ ಅಲ್ಲಿಗೆ ಘಟನೆ ಬರುವವರೆಗೆ ಕಾಯಿರಿ. ಬಂದ ಮೇಲೆ ಒಂದೇ ಕ್ಲಿಕ್‌ಗೆ ತೃಪ್ತಿಪಡಬೇಡಿ. ಒಂದು ಹೆಜ್ಜೆ ಎಡಕ್ಕೆ, ಒಂದು ಮೊಣಕಾಲೂರಿ, ಇನ್ನೊಂದು ತೀರಾ ಹತ್ತಿರದಿಂದ. ತಲೆಯ ಹಿಂದೆ ಕಂಬ ಎದ್ದಿದೆಯಾ, ಅಂಚಿನಲ್ಲಿ ಅರ್ಧ ಕೈ ಇದೆಯಾ ನೋಡಿ. ಬರ್ಸ್ಟ್‌ನಲ್ಲಿ (ಬಟನ್ ಒತ್ತಿ ಹಿಡಿದು ಒಂದರ ಹಿಂದೊಂದು) ಮೂವತ್ತು ತೆಗೆಯುವ ಚಟ ಇದ್ದರೆ ಬಿಡಿ. ಹಕ್ಕಿಗೆ, ಓಟಕ್ಕೆ ಸರಿ. ಬೀದಿಯಲ್ಲಿ ಅದು ಕಣ್ಣನ್ನು ಸೋಮಾರಿ ಮಾಡುತ್ತದೆ.

ಜನರ ಹತ್ತಿರ ಹೋಗುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಕ್ಯಾಮೆರಾ ಕೆಳಗಿಳಿಸಿ, ಮುಖ ನೋಡಿ, "ಅಮ್ಮಾ, ಒಂದು ಫೋಟೋ ತೆಗೀಲಾ?" ಅಂತ ಕೇಳಿದರೆ ಮುಗಿಯಿತು. ಬೇಡ ಅಂದರೆ ಬೇಡ. ಹೌದು ಅಂದವರಿಗೆ ಮುಂದಿನ ವಾರ ಒಂದು ಪ್ರಿಂಟ್ ತಂದುಕೊಡಿ. ಫೋನಿಗೆ ಕಳಿಸಿದ್ದಕ್ಕೂ ಕೈಗೆ ಪ್ರಿಂಟ್ ಕೊಟ್ಟದ್ದಕ್ಕೂ ಬಹಳ ವ್ಯತ್ಯಾಸ ಇದೆ. ಆ ಪ್ರಿಂಟ್ ಪಕ್ಕದ ಅಂಗಡಿಗಳಿಗೆಲ್ಲ ಸುತ್ತುತ್ತದೆ, ಮುಂದಿನ ಸಲ ಅವರೇ ಕರೆಯುತ್ತಾರೆ. ಕಾಡಿನಲ್ಲಿ ಕೆಲಸ ಮಾಡುವವರಿಗೂ ಇದೇ ಮರ್ಯಾದೆ ಅನ್ವಯಿಸುತ್ತದೆ. ಗೂಡಿನ ಹತ್ತಿರ ಕೊಂಬೆ ಕಡಿದು ಜಾಗ ಮಾಡಿಕೊಳ್ಳುವುದು, ಹಕ್ಕಿಯನ್ನು ಎಬ್ಬಿಸಿ ಹಾರಿಸುವುದು ಬೇಡವೇ ಬೇಡ. ಎಂಥ ಒಳ್ಳೆಯ ಫೋಟೋ ಬಂದರೂ ಅದು ಆ ಮರಿಗಳ ಜೀವಕ್ಕೆ ಸಮವಲ್ಲ.

ಆರನೇ ಹಂತ: ಆಯ್ಕೆ. ಶೈಲಿ ನಿಜವಾಗಿ ಹುಟ್ಟುವ ಜಾಗ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ವೃತ್ತಿಯವರಿಗೂ ಹವ್ಯಾಸಿಗಳಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. ಇಬ್ಬರೂ ಸುಮಾರು ಫೋಟೋ ಕೆಡಿಸುತ್ತಾರೆ. ವೃತ್ತಿಯವರು ಕೆಟ್ಟದ್ದನ್ನು ಯಾರಿಗೂ ತೋರಿಸುವುದಿಲ್ಲ, ಅಷ್ಟೇ.

ಮೊದಲನೆಯದಾಗಿ, ತೆಗೆದ ದಿನವೇ ಆರಿಸಬೇಡಿ. ಆ ದಿನ ಬೆಳಗಿನ ಚಳಿ, ಕಾದ ಕಷ್ಟ, ಆ ಅಜ್ಜಿ ಆಡಿದ ಮಾತು ಎಲ್ಲ ನಿಮ್ಮ ತಲೆಯಲ್ಲಿರುತ್ತದೆ. ಅದು ಫೋಟೋದಲ್ಲೂ ಇದೆ ಅಂತ ನಂಬಿಬಿಡುತ್ತೀರಿ. ನೋಡುವವರಿಗೆ ಅದು ಯಾವುದೂ ಗೊತ್ತಿರುವುದಿಲ್ಲ ಅಲ್ವಾ? ಅಮೆರಿಕದ ಬೀದಿ ಛಾಯಾಗ್ರಾಹಕ ಗ್ಯಾರಿ ವಿನೋಗ್ರಾಂಡ್ ತೆಗೆದ ಫಿಲ್ಮನ್ನು ಡೆವಲಪ್ ಮಾಡಲು ಬೇಕೆಂದೇ ಒಂದು ವರ್ಷದಷ್ಟು ಕಾಯುತ್ತಿದ್ದರು. ಆ ಹೊತ್ತಿನ ಭಾವನೆ ಪೂರ್ತಿ ಆರಿದ ಮೇಲೆ, ಬೇರೆ ಯಾರೋ ತೆಗೆದದ್ದು ಎಂಬಂತೆ ನೋಡಲು. ಅವರು 1984ರಲ್ಲಿ ತೀರಿಕೊಂಡಾಗ ಸುಮಾರು 2,500 ರೋಲುಗಳು ಡೆವಲಪ್ ಆಗದೆ ಉಳಿದಿದ್ದವು. ಅಷ್ಟು ದೂರ ಹೋಗುವುದು ಬೇಡ. ಎರಡು ವಾರ ಸಾಕು.

ಎರಡು ವಾರ ಆದ ಮೇಲೆ ಮೊದಲ ಸುತ್ತು. ಬೇಗ ಬೇಗ ನೋಡಿ, ಯೋಚಿಸದೆ ಹೌದು ಅಥವಾ ಇಲ್ಲ. ಫೋಕಸ್ ತಪ್ಪಿದ್ದು, ಅಲುಗಿದ್ದು, ಒಂದೇ ಥರದ್ದು ಹೋಗುತ್ತದೆ. ಎರಡನೇ ಸುತ್ತಿನಲ್ಲಿ ಒಂದೇ ದೃಶ್ಯದ ಐದಾರು ಫೋಟೋಗಳನ್ನು ಅಕ್ಕಪಕ್ಕ ಇಟ್ಟು ಒಂದನ್ನು ಮಾತ್ರ ಉಳಿಸಿ. ಯಾಕೆ ಉಳಿಸಿದಿರಿ ಅಂತ ಒಂದು ಸಾಲು ಬರೆಯಿರಿ. "ಚೆನ್ನಾಗಿದೆ" ಅಂತ ಬರೆಯಬೇಡಿ. "ಕೈ ಮಡಚಿದೆ, ಮುಖ ಕತ್ತಲಲ್ಲಿದೆ, ಹಿಂದೆ ಯಾರೂ ಇಲ್ಲ" ಅಂತ ಬರೆಯಿರಿ.

ಮೂರು ತಿಂಗಳಿಗೊಮ್ಮೆ, ಉಳಿದವುಗಳಲ್ಲಿ ಸುಮಾರು ಅರವತ್ತನ್ನು 4x6 ಇಂಚಿನ ಅಳತೆಯಲ್ಲಿ ಪ್ರಿಂಟ್ ಹಾಕಿಸಿ. ಯಾವ ಊರಿನ ಲ್ಯಾಬ್‌ನಲ್ಲಾದರೂ ಕಡಿಮೆ ದುಡ್ಡಿಗೆ ಆಗುತ್ತದೆ. ಮನೆಯಲ್ಲಿ ಚಾಪೆ ಎತ್ತಿಟ್ಟು ಎಲ್ಲವನ್ನೂ ನೆಲದ ಮೇಲೆ ಹರಡಿ. ಮೇಲೆ ನಿಂತು ನೋಡಿ. ಸ್ಕ್ರೀನಿನಲ್ಲಿ ಒಂದೊಂದಾಗಿ ನೋಡುವಾಗ ಕಾಣದ್ದು ಇಲ್ಲಿ ಕಾಣುತ್ತದೆ. ಅರವತ್ತರಲ್ಲಿ ಇಪ್ಪತ್ತು ಫೋಟೋ ಹಿಂದಿನಿಂದ ಬರುವ ಬೆಳಕಿನಲ್ಲಿ ತೆಗೆದದ್ದು ಅಂತ ಗೊತ್ತಾಗಬಹುದು. ಅಥವಾ ಜನರ ಮುಖಕ್ಕಿಂತ ಬೆನ್ನೇ ಜಾಸ್ತಿ ಇರಬಹುದು. ಅಥವಾ ಫ್ರೇಮಿನ ಮೇಲರ್ಧ ಯಾವಾಗಲೂ ಖಾಲಿ ಇರಬಹುದು. ನೀವು ಬೇಕೆಂದು ಮಾಡಿದ್ದಲ್ಲ, ಆದರೂ ಮತ್ತೆ ಮತ್ತೆ ಮಾಡಿದ್ದೀರಿ. ಅದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಈಗ ಮುಖ್ಯ ಪ್ರಶ್ನೆ: ಇದು ಶೈಲಿಯೋ, ಬರೀ ರೂಢಿಯೋ? ನಾನು ಇದನ್ನು ಹೀಗೆ ಪರೀಕ್ಷಿಸಿಕೊಳ್ಳುತ್ತೇನೆ. ಆ ಗುಣ ಫೋಟೋದ ವಿಷಯಕ್ಕೆ ಬಲ ಕೊಡುತ್ತಿದೆಯಾ? ಬೆನ್ನಿನ ಫೋಟೋಗಳಲ್ಲಿ ದುಡಿದವರ ದಣಿವು ಕಾಣುತ್ತಿದ್ದರೆ ಅದು ಶೈಲಿ, ಮುಂದುವರಿಸಿ. ಎದುರು ನಿಲ್ಲಲು ಹೆದರಿ ಹಿಂದೆ ನಿಂತಿದ್ದರೆ ಅದು ರೂಢಿ. ಮುಂದಿನ ಮೂರು ತಿಂಗಳು ಎದುರಿನಿಂದಲೇ ತೆಗೆಯಿರಿ. ಎರಡರಲ್ಲಿ ಯಾವುದು ಅಂತ ನಿಮಗೆ ಒಳಗೇ ಗೊತ್ತಿರುತ್ತದೆ.

ಕೊನೆಗೆ ಅರವತ್ತನ್ನು ಇಪ್ಪತ್ತಕ್ಕೆ ಇಳಿಸಿ. ಬಿಡಲು ಸಂಕಟ ಆಗುವ ಒಂದೆರಡು ಇದ್ದೇ ಇರುತ್ತವೆ. ಸುಂದರವಾಗಿರುತ್ತವೆ, ಆದರೆ ಉಳಿದವುಗಳ ಜೊತೆ ಮಾತಾಡುವುದಿಲ್ಲ. ಅವನ್ನು ಬಿಡಲು ಕಲಿತಾಗ ಉಳಿದ ಇಪ್ಪತ್ತು ಒಬ್ಬರೇ ತೆಗೆದಂತೆ ಕಾಣತೊಡಗುತ್ತವೆ.

ಏಳನೇ ಹಂತ: ಬಣ್ಣ, ಎಡಿಟಿಂಗ್, ಪ್ರಿಂಟ್

ಪ್ರಿಸೆಟ್ (ಬೇರೆಯವರು ಮಾಡಿಟ್ಟ ಎಡಿಟಿಂಗ್ ಸೆಟ್ಟಿಂಗ್) ಕೊಂಡು ಹಾಕಿದರೆ ಶೈಲಿ ಬಂತು ಅನ್ನುವವರು ಸುಮಾರು ಜನ ಇದ್ದಾರೆ. ಅದೇ ಪ್ರಿಸೆಟನ್ನು ಕೊಂಡ ಎಲ್ಲರ ಫೋಟೋವೂ ಹಾಗೇ ಇರುತ್ತದೆ. ಬಣ್ಣದ ತೀರ್ಮಾನ ನಿಮ್ಮದಾಗಲಿ. ನಮ್ಮ ಮೈಬಣ್ಣವನ್ನೇ ಮೊದಲ ಅಳತೆಗೋಲು ಮಾಡಿಕೊಳ್ಳಿ. ಕಪ್ಪು ಚರ್ಮದ ಹೊಳಪು, ಅದರೊಳಗಿನ ಕೆಂಪು ಉಳಿಯಬೇಕು. ಮುಖ ಬೆಳ್ಳಗೆ ಮಾಡುವ, ಚರ್ಮದ ಗೆರೆ ಅಳಿಸುವ ಚಾಳಿ ನಮ್ಮ ಮದುವೆ ಆಲ್ಬಂಗಳನ್ನು ಕೆಡಿಸಿದಷ್ಟು ಬೇರೇನೂ ಕೆಡಿಸಿಲ್ಲ. ಒಂದು ಸರಣಿಗೆ ಒಂದೇ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು) ಧೋರಣೆ, ಒಂದೇ ಕಾಂಟ್ರಾಸ್ಟ್ ಇಟ್ಟುಕೊಳ್ಳಿ. ಕಪ್ಪು-ಬಿಳುಪು ಮಾಡುವುದಾದರೆ ತೆಗೆಯುವ ಮೊದಲೇ ನಿರ್ಧರಿಸಿ. ಬಣ್ಣ ಸರಿ ಬರಲಿಲ್ಲ ಅಂತ ಆಮೇಲೆ ಬದಲಿಸಿದ್ದು ನೋಡಿದ ತಕ್ಷಣ ಗೊತ್ತಾಗುತ್ತದೆ.

ತಿಂಗಳಿಗೆ ಒಂದನ್ನಾದರೂ 8x12 ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿ. ಒಂದು ತಿಂಗಳು ದಿನಾ ಕಂಡರೂ ಬೇಸರ ತರದ ಫೋಟೋ ಗಟ್ಟಿ. ಫೈಲುಗಳು ಎರಡು ಹಾರ್ಡ್‌ಡಿಸ್ಕ್‌ನಲ್ಲಿರಲಿ, ಇನ್ನೊಂದು ಪ್ರತಿ ಬೇರೆ ಮನೆಯಲ್ಲೋ ಕ್ಲೌಡ್‌ನಲ್ಲೋ ಇರಲಿ.

ಎಂಟನೇ ಹಂತ: ಹೊಟ್ಟೆಪಾಡು ಮತ್ತು ಶೈಲಿ

ನಮ್ಮಲ್ಲಿ ಫೋಟೋ ತೆಗೆದು ಬದುಕುವವರಲ್ಲಿ ಬಹಳಷ್ಟು ಜನ ಬದುಕುವುದು ಮದುವೆಯಿಂದ. ಮದುವೆ ಕೆಲಸ ಕೀಳು, ಕಲೆ ಬೇರೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಸುಬು ಇಷ್ಟು ಬೇಗ ಕಲಿಸುವ ಶಾಲೆ ಇನ್ನೊಂದಿಲ್ಲ. ಧಾರೆ ಎರೆಯುವುದು, ಮಾಂಗಲ್ಯಧಾರಣೆ ಎರಡನೇ ಸಲ ನಡೆಯುವುದಿಲ್ಲ. ಎರಡು ಕ್ಯಾಮೆರಾ, ಎರಡು ಕಾರ್ಡಿಗೆ ಒಟ್ಟಿಗೆ ಬರೆಯುವ ವ್ಯವಸ್ಥೆ, ಮುಂಚಿನ ದಿನವೇ ಛತ್ರದ ಬೆಳಕು ನೋಡಿ ಬರುವುದು, ಪುರೋಹಿತರನ್ನು ಕೇಳಿ ಕ್ರಮ ತಿಳಿದುಕೊಳ್ಳುವುದು, ಇದೆಲ್ಲ ಶಿಸ್ತು.

ಮನೆಯವರು ಕೇಳಿದ ಫೋಟೋಗಳೆಲ್ಲ ಮೊದಲು ಆಗಲಿ. ಅದು ಸಂಬಳದ ಕೆಲಸ. ಅದರ ನಡುವೆ ನಿಮ್ಮ ಕಣ್ಣಿನ ಫೋಟೋಗೆ ಜಾಗ ಮಾಡಿಕೊಳ್ಳಿ. ತಾಳಿ ಕಟ್ಟುವ ಕ್ಷಣದಲ್ಲಿ ಎಲ್ಲ ಕ್ಯಾಮೆರಾಗಳೂ ವಧುವರರ ಮೇಲಿರುತ್ತವೆ. ನಿಮ್ಮ ಜೊತೆಗಾರ ಅದನ್ನು ನೋಡಿಕೊಳ್ಳುತ್ತಿದ್ದರೆ ನೀವು ಒಮ್ಮೆ ತಿರುಗಿ ಹುಡುಗಿಯ ಅಪ್ಪನನ್ನು ನೋಡಿ. ಆಲ್ಬಂ ಕೊಟ್ಟ ಮೇಲೆ ಮನೆಯವರು ಫೋನ್ ಮಾಡಿ ಹೇಳುವುದು ಆ ಫೋಟೋ ಬಗ್ಗೆಯೇ. ಪೋರ್ಟ್‌ಫೋಲಿಯೋದಲ್ಲಿ ಅಂಥದ್ದನ್ನೇ ಹಾಕಿ. ಯಾವ ಥರದ ಕೆಲಸ ಮತ್ತೆ ಸಿಗಬೇಕೋ ಅದನ್ನು ಮಾತ್ರ ತೋರಿಸಿ. ಬೇಡದ ಕೆಲಸ ಎಷ್ಟು ಚೆನ್ನಾಗಿ ಮಾಡಿದ್ದರೂ ಒಳಗಿಡಿ.

ಒಂಬತ್ತನೇ ಹಂತ: ಯಾರಿಗೆ ತೋರಿಸಬೇಕು

ಮನೆಯವರು, ಗೆಳೆಯರು ಸೂಪರ್ ಅನ್ನುತ್ತಾರೆ. ಪ್ರೀತಿಯಿಂದ ಹೇಳುವ ಮಾತು, ಆದರೆ ಅದರಿಂದ ಕಲಿಯುವುದು ಕಡಿಮೆ. ಕರ್ನಾಟಕದಲ್ಲಿ ಫೋಟೋ ಕ್ಲಬ್ಬುಗಳ ಹಳೆಯ ಪರಂಪರೆಯೇ ಇದೆ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಇಂಥ ಕಡೆ ಹಿರಿಯರು ಫೋಟೋ ಮುಂದಿಟ್ಟು ತಪ್ಪು-ಒಪ್ಪು ಹೇಳುತ್ತಾರೆ. ಶಾರ್ಪ್‌ನೆಸ್, ಬೆಳಕು, ಜೋಡಣೆ ವಿಚಾರದಲ್ಲಿ ಅಲ್ಲಿ ಕಲಿಯುವುದು ಬಹಳ ಇದೆ. ಸಲೂನ್ ಅನ್ನುವ ಫೋಟೋ ಪ್ರದರ್ಶನ-ಸ್ಪರ್ಧೆಗಳಿಗೂ ಒಂದೆರಡು ವರ್ಷ ಕಳಿಸಿ, ಕೈ ಚುರುಕಾಗುತ್ತದೆ. ಆದರೆ ಬಹುಮಾನ ಬರುವ ಮಾದರಿ ಒಂದಿರುತ್ತದೆ. ಅದಕ್ಕೆ ತಕ್ಕಂತೆ ತೆಗೆಯುತ್ತಾ ಹೋದರೆ ನಿಮ್ಮ ಫೋಟೋ ಪಕ್ಕದವರ ಫೋಟೋ ಬೇರೆ ಮಾಡಲು ಆಗದಂತಾಗುತ್ತದೆ. ಅದು ಶುರುವಾದ ತಕ್ಷಣ ಸ್ವಲ್ಪ ಕಾಲ ಬಿಟ್ಟು ನಿಮ್ಮ ಸರಣಿಗೆ ವಾಪಸ್ ಬನ್ನಿ.

ಇದರ ಜೊತೆಗೆ ಫೋಟೋಗ್ರಾಫರ್ ಅಲ್ಲದ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ಮೇಷ್ಟ್ರು, ಬರಹಗಾರರು, ನಾಟಕ ಆಡಿಸುವವರು ಯಾರಾದರೂ ಆಗಬಹುದು. ಇಪ್ಪತ್ತು ಪ್ರಿಂಟ್ ಕೈಗೆ ಕೊಟ್ಟು ಸುಮ್ನೆ ಕೂತಿರಿ. ವಿವರಣೆ ಕೊಡಬೇಡಿ. ಯಾವುದರ ಮುಂದೆ ನಿಂತರು, ಯಾವುದನ್ನು ಬೇಗ ತಿರುಗಿಸಿದರು ನೋಡಿ. ಎರಡು ದಿನ ಬಿಟ್ಟು ಫೋನ್ ಮಾಡಿ, ಯಾವ ಫೋಟೋ ನೆನಪಿದೆ ಅಂತ ಕೇಳಿ. ಅವರು ಹೇಳಿದ ಮೂರು ನಾಲ್ಕನ್ನು ನೀವು ನೆಲದ ಮೇಲೆ ಹರಡಿ ಬರೆದಿಟ್ಟುಕೊಂಡ ಟಿಪ್ಪಣಿಯ ಜೊತೆ ಹೋಲಿಸಿ. ಎರಡೂ ಕಡೆ ಹೊಂದುವ ಫೋಟೋಗಳನ್ನು ಪೋರ್ಟ್‌ಫೋಲಿಯೋದ ಮೊದಲಿಗೆ ಹಾಕಿ, ಮುಂದಿನ ವರ್ಷದ ಸರಣಿಯನ್ನು ಅವುಗಳಿಂದಲೇ ಶುರು ಮಾಡಿ. ಆರು ತಿಂಗಳಿಗೊಮ್ಮೆ ಹೊಸದು ಒಂದನ್ನು ಸೇರಿಸುವಾಗ ಹಳೆಯದರಲ್ಲಿ ತೀರಾ ದುರ್ಬಲವಾದ ಒಂದನ್ನು ತೆಗೆದುಬಿಡಿ. ಒಟ್ಟು ಇಪ್ಪತ್ತು ದಾಟದಿರಲಿ.